ಇಲ್ಲದ ಲಿಫ್ಟಿನ ತಕರಾರು

ಕಡಲು ನೋಡಲೆಂದು ಹೋಗಿ, ಕಡಲು ನೋಡದೆ ಹಿಂದಿರುಗಿ ಎಂಟು ದಿನವಾಗಿತ್ತು. ಆ ಎಂಟು ದಿನವೂ ಶಿವನಂಜಮ್ಮ ಸೊಸೆ ಬಡಿಸಿದ್ದನ್ನು ಉಂಡರೇ ಹೊರತು ಅವಳ ಜೊತೆ ಒಂದು ಮಾತು ಆಡಿರಲಿಲ್ಲ. ಉಪ್ಪು ಬೇಕಾದರೆ ಮೊಮ್ಮಗಳ ಕಡೆ ತಿರುಗಿ, “ಗಗನಾ, ಉಪ್ಪು ಕೊಡವ್ವ” ಅನ್ನುವರು. ಉಪ್ಪಿನ ಡಬ್ಬಿ ಕುಸುಮಳ ಪಕ್ಕದಲ್ಲೇ ಇರುತ್ತಿತ್ತು.

ಅವತ್ತು ಮುದ್ದೆ, ಹುರುಳಿಕಾಳಿನ ಬಸ್ಸಾರು. ಕುಸುಮ ಸೌಟು ಹಿಡಿದು, “ಇನ್ನೊಂಚೂರು ಸಾರು ಹಾಕ್ಲಾ ಅತ್ತೆ?” ಅಂದಳು. ಶಿವನಂಜಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

“ಅವ್ವಂಗೆ ಬೇಡ್ವಂತೆ, ಬುಡು” ಎಂದ ಶಿವಪ್ರಕಾಶ.

“ಅದನ್ನ ಅವ್ರೇ ಹೇಳ್ಲಿ ರೀ. ನಾನೇನು ಗೋಡೆನಾ?”

“ಏನು ಹೇಳ್ತಾರೆ? ನೀನು ಸರಿಯಾಗಿ ಓದಿ ಬುಕ್ ಮಾಡಿದ್ರೆ ಇದೆಲ್ಲ ಯಾಕಾಗ್ತಿತ್ತು?”

ಇದೇ ಮಾತನ್ನು ಅವನು ವಾಪಸು ಬರುವಾಗ ಕಾರಿನಲ್ಲಿ, ಅವ್ವನ ಎದುರಿಗೇ, ಎರಡು ಸಲ ಅಂದಿದ್ದ. ಆಗ ಕುಸುಮಳಿಗೆ ಉತ್ತರ ಕೊಡುವಷ್ಟು ತ್ರಾಣ ಇರಲಿಲ್ಲ. ಈಗ ಸೌಟನ್ನು ಪಾತ್ರೆಗೆ ಹಾಕಿ ಎದ್ದುಬಿಟ್ಟಳು.

“ಓದಿದ್ದೀನಿ. ಒಂದಕ್ಷರ ಬಿಡದೆ ಓದಿದ್ದೀನಿ. ನಿಮ್ಮ ಫೋನಿಗೂ ಕಳ್ಸಿದ್ದೆ. ನೀವು ತೆಗೆದು ನೋಡಿದ್ರಾ?”

ಶಿವಪ್ರಕಾಶ ಮುದ್ದೆ ಮುರಿದು ಸಾರಿಗೆ ಅದ್ದಿದ.

ಮೇಟಗಳ್ಳಿಯ ಆ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಶಿವಪ್ರಕಾಶ ಹತ್ತಿರದ ಬೇರಿಂಗ್ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರು. ಕುಸುಮ ಜಯಲಕ್ಷ್ಮಿಪುರಂನ ಒಂದು ಸಹಕಾರ ಸಂಘದ ದಿನಸಿ ಮಳಿಗೆಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಗಗನ ಬಿ.ಕಾಂ. ಎರಡನೇ ವರ್ಷ. ಶಿವನಂಜಮ್ಮ ತಿ. ನರಸೀಪುರದ ಕಡೆಯ ಹಳ್ಳಿಯಲ್ಲಿ ಗದ್ದೆ ಕೆಲಸ ಮಾಡಿ ಬದುಕಿದವರು. ಗಂಡ ಹೋದ ಮೇಲೆ ಮಗನ ಜೊತೆ ಪಟ್ಟಣ ಸೇರಿ ಹದಿನಾರು ವರ್ಷವಾಗಿತ್ತು. ಹೊಳೆ ಅವರಿಗೆ ಹೊಸದಲ್ಲ. ಕಡಲನ್ನು ಮಾತ್ರ ಟೀವಿಯಲ್ಲಿ ಕಂಡಿದ್ದಷ್ಟೇ. ಹಿಂದಿನ ವರ್ಷ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆದಾಗ, ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು, “ಒಂದ್ಸಲ ಆ ಕಡ್ಲು ಎಂಗದೆ ಅಂತ ನೋಡ್ಬೇಕು ಕಣವ್ವ ಕುಸ್ಮ” ಎಂದಿದ್ದರು. ಮಗನಿಗೆ ಹೇಳಿರಲಿಲ್ಲ, ಸೊಸೆಗೆ ಹೇಳಿದ್ದರು. ಅದು ಕುಸುಮಳ ಮನಸ್ಸಿನಲ್ಲಿ ಕೂತಿತು.

ಊಟದ ಬಿಡುವಿನಲ್ಲಿ ಮಳಿಗೆಯ ಅಕ್ಕಿ ಮೂಟೆಗಳ ಮೇಲೆ ಕೂತು ಅವಳು ಹದಿನೈದು ದಿನ ಫೋನಿನಲ್ಲಿ ಹುಡುಕಿದ್ದಳು. ಕೊನೆಗೆ ಉತ್ತರ ಕನ್ನಡದ ಕಡಲಂಚಿನ ತೆರೆನೋಟ ರೆಸಾರ್ಟ್ ಸಿಕ್ಕಿತು. ಲಿಫ್ಟ್ ಇದೆ, ಗಾಲಿಕುರ್ಚಿ ಇದೆ, ಮರಳಿನ ತನಕ ಇಳಿಜಾರು ದಾರಿ ಇದೆ, ವಯಸ್ಸಾದವರಿಗೆಂದು ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ ಇದೆ ಎಂದು ಬರೆದಿದ್ದರು. ಒಂದೊಂದಕ್ಕೂ ಹಸಿರು ಬಣ್ಣದ ಸರಿ ಗುರುತು. ಸಾಲದು ಎಂದು ಕುಸುಮ ಫೋನೂ ಮಾಡಿದ್ದಳು. “ಎಲ್ಲಾ ಇದೆ ಮೇಡಂ, ಆರಾಮಾಗಿ ಬನ್ನಿ” ಅಂದಿದ್ದರು.

ಹೋಗಿ ನೋಡಿದರೆ ಲಿಫ್ಟು ಇರಬೇಕಾದ ಜಾಗಕ್ಕೆ ಪ್ಲೈವುಡ್ ಹೊಡೆದು, ಅದರ ಮುಂದೆ ನೆಲ ಒರೆಸುವ ಬಕೆಟ್ಟುಗಳನ್ನು ಇಟ್ಟಿದ್ದರು. ಗಾಲಿಕುರ್ಚಿ ರಿಪೇರಿಗೆ ಹೋಗಿತ್ತಂತೆ. ಇಳಿಜಾರು ದಾರಿಯ ಜಾಗದಲ್ಲಿ ಜಲ್ಲಿಯ ರಾಶಿ. ಕೆಳಗಿನ ರೂಮುಗಳೆಲ್ಲ ಒಂದು ಮದುವೆಯವರಿಗೆ ಹೋಗಿಬಿಟ್ಟಿದ್ದವು. ಇವರಿಗೆ ಕೊಟ್ಟದ್ದು ಎರಡನೇ ಮಹಡಿ. ಒಂಬತ್ತು ಗಂಟೆ ಕಾರಿನಲ್ಲಿ ಕೂತು ಬಂದ ಶಿವನಂಜಮ್ಮನಿಗೆ ಸೊಂಟ ಸೋತಿತ್ತು, ಬೇರೆ ಕಡೆ ಹುಡುಕುವ ಹೊತ್ತೂ ಮೀರಿತ್ತು. ಇಬ್ಬರು ಕೆಲಸದವರು, ಶಿವಪ್ರಕಾಶ, ಕಾರಿನ ಡ್ರೈವರು ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮೇಲೆ ಹತ್ತಿದರು. ಮದುವೆಗೆ ಬಂದವರು ಮೆಟ್ಟಿಲ ಪಕ್ಕ ನಿಂತು ನೋಡಿದರು. ಮಧ್ಯದಲ್ಲಿ ಸೀರೆ ಮೊಣಕಾಲ ತನಕ ಸರಿಯಿತು. ಎರಡೂ ಕೈಯಲ್ಲಿ ಕುರ್ಚಿ ಹಿಡಿದಿದ್ದ ಶಿವನಂಜಮ್ಮ ಅದನ್ನು ಸರಿಮಾಡಿಕೊಳ್ಳಲಾರದೆ ಕಣ್ಣು ಮುಚ್ಚಿಕೊಂಡರು.

ಆಮೇಲೆ ಎರಡು ದಿನ ಆ ರೂಮಿನಿಂದ ಅವರು ಹೊರಗೆ ಬರಲಿಲ್ಲ. ಬಚ್ಚಲಲ್ಲಿ ಕಂಬಿ ಇರಲಿಲ್ಲವಾದ್ದರಿಂದ ನೀರು ಕುಡಿಯುವುದನ್ನೂ ಕಮ್ಮಿ ಮಾಡಿದರು. ಅಲೆಯ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ಕಾಣುತ್ತಿದ್ದದ್ದು ಮಾತ್ರ ನೀರಿನ ಟ್ಯಾಂಕು ಮತ್ತು ಒಣಹಾಕಿದ ಚಾದರ.

ಬಂದ ಮೇಲೆ ಕುಸುಮ ಹೋಟೆಲಿಗೆ ಮೂರು ಸಲ ಫೋನು ಮಾಡಿದಳು. ಮೂರನೇ ಸಲ ಅವರು ಒಂದು ಕೂಪನ್ ಕಳಿಸಿದರು. ಮುಂದಿನ ಸಲ ಬಂದಾಗ ಬಾಡಿಗೆಯಲ್ಲಿ ಶೇಕಡಾ ಇಪ್ಪತ್ತು ಕಡಿತವಂತೆ. ಗ್ರಾಹಕರ ಸಹಾಯವಾಣಿಗೆ ದೂರು ಬರೆಸಿದ್ದಕ್ಕೂ ಹೋಟೆಲಿನಿಂದ ಒಂದೇ ಸಾಲಿನ ಉತ್ತರ ಬಂತು: ಗಿರಾಕಿಗಳು ತೃಪ್ತರಾಗಿ ಹೋಗಿದ್ದಾರೆ.

ಊಟದ ಹೊತ್ತಿನ ಆ ಜಗಳದ ಮಾರನೇ ದಿನ ಮಳಿಗೆಯಲ್ಲಿ ಅವಳು ಒಂದು ಕೆ.ಜಿ. ಬೆಲ್ಲಕ್ಕೆ ಎರಡು ಸಲ ಬಿಲ್ಲು ಹಾಕಿದಳು. ಬಿಲ್ಲು ಹಿಡಿದು ವಾಪಸು ಬಂದವರು ಮಹದೇವಯ್ಯ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ರಿಟೈರಾದವರು, ಪ್ರತಿ ಶನಿವಾರದ ಗಿರಾಕಿ.

“ಏನಮ್ಮ ಕುಸುಮ, ನೀವು ಹೀಗೆ ತಪ್ಪೋರಲ್ಲ. ಮನೇಲಿ ಏನಾರೂ ತಾಪತ್ರಯವಾ?”

ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಕುಸುಮ ಎಲ್ಲ ಹೇಳಿಬಿಟ್ಟಳು. ಮಹದೇವಯ್ಯ ಬೆಲ್ಲದ ಚೀಲವನ್ನು ಕೌಂಟರಿನ ಮೇಲಿಟ್ಟು ಕೇಳಿಸಿಕೊಂಡರು.

“ಬರಹದಲ್ಲಿ ಏನಿದೆ?”

“ಅವ್ರು ಹಾಕಿದ್ದ ಪುಟದ ಫೋಟೋ ಇದೆ ಸರ್. ದುಡ್ಡು ಕಟ್ಟಿದ ರಸೀತಿ ಇದೆ. ಆ ಪ್ಲೈವುಡ್ಡಿನ ಫೋಟೋ ನನ್ನ ಮಗಳು ತೆಗ್ದಿದ್ಲು.”

“ಮತ್ತಿನ್ನೇನು? ಮೊದಲು ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟೀಸು ಕಳ್ಸಿ. ಹದಿನೈದು ದಿನ ನೋಡಿ. ಬಗ್ಗದಿದ್ರೆ ಗ್ರಾಹಕರ ಆಯೋಗ. ನಾವಿರೋ ಊರಲ್ಲೇ ದೂರು ಹಾಕ್ಬಹುದು, ಅಲ್ಲಿ ತನಕ ಅಲೀಬೇಕಾಗಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರು ಇರ್ಲೇಬೇಕು ಅಂತಲೂ ಇಲ್ಲ.”

“ನಾನು ಬರೀ ಪಿಯುಸಿ ಸರ್.”

“ದಿನಾ ಪೊಟ್ಟಣದ ಮೇಲೆ ಬರ್ದಿರೋದಕ್ಕೂ ಒಳಗಿರೋದಕ್ಕೂ ತಾಳೆ ನೋಡ್ತೀರಲ್ಲ, ಅಷ್ಟೇ ಇದೂ. ಬರ್ಕೊಂಡ್ ಬನ್ನಿ, ನಾನು ತಿದ್ದಿ ಕೊಡ್ತೀನಿ.”

ಮನೆಯಲ್ಲಿ ವಿಷಯ ಎತ್ತಿದಾಗ ಶಿವಪ್ರಕಾಶ ಶಿಫ್ಟಿಗೆ ಹೊರಡಲು ಶೂ ಕಟ್ಟುತ್ತಿದ್ದ.

“ಕೋರ್ಟು ಕಚೇರಿ ನಮ್ಮಂಥೋರಿಗಲ್ಲ ಕಣೇ. ಆದದ್ದು ಆಗೋಯ್ತು, ಬಿಟ್ಬುಡು.”

“ಎಲ್ಲಿ ಆಗೋಯ್ತು? ದಿನಾ ಊಟಕ್ಕೆ ಕೂತಾಗೆಲ್ಲ ಆಗ್ತಾನೇ ಇದೆಯಲ್ಲ!”

“ಅಪ್ಪ, ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ?” ಎಂದಳು ಗಗನ. “ನಾನೇ ಟೈಪ್ ಮಾಡ್ತೀನಿ.”

“ನೀನು ಸುಮ್ನಿರು. ಪರೀಕ್ಷೆಗೆ ಓದು.”

“ಓದ್ಕೊಂಡೇ ಮಾಡ್ತೀನಿ. ನಿಮ್ಗ್ಯಾಕಪ್ಪ ಇಷ್ಟು ಕೋಪ?”

ಅವನು ಊಟದ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ. ಅಷ್ಟೊಂದು ಸಿಡುಕು ಯಾತಕ್ಕೆಂದು ಕುಸುಮಳಿಗೆ ತಿಳಿಯಲಿಲ್ಲ. ಡಬ್ಬಿಯನ್ನು ಗಗನಳ ಕೈಯಲ್ಲಿ ಕಾರ್ಖಾನೆ ಗೇಟಿಗೆ ಕಳಿಸಿದಳು, ನೋಟೀಸಿನ ಕರಡನ್ನು ಮಹದೇವಯ್ಯನವರ ಮನೆಗೆ ತಾನೇ ತೆಗೆದುಕೊಂಡು ಹೋದಳು.

ನೋಟೀಸಿಗೆ ಉತ್ತರ ಬರಲಿಲ್ಲ. ದೂರು ಸಲ್ಲಿಸಲು ಶಿವನಂಜಮ್ಮನ ಪ್ರಮಾಣಪತ್ರವೂ ಇದ್ದರೆ ಒಳ್ಳೆಯದೆಂದು ಮಹದೇವಯ್ಯ ಹೇಳಿದ್ದರು. ಒಂದು ಭಾನುವಾರ ಮಧ್ಯಾಹ್ನ ಶಿವನಂಜಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ ಗಗನ ಕಾಗದಗಳನ್ನು ಹಿಡಿದು ಪಕ್ಕದಲ್ಲಿ ಕೂತಳು. ಕುಸುಮ ಅಡುಗೆಮನೆಯಲ್ಲೇ ಉಳಿದಳು. ಅಲ್ಲಿಂದ ಎಲ್ಲವೂ ಕೇಳುತ್ತಿತ್ತು.

“ಅಜ್ಜಿ, ನಾನು ಓದ್ತೀನಿ. ಸರಿ ಇದ್ರೆ ಸರಿ ಅನ್ನಿ. ಮೊದಲು ಹೋಟ್ಲೋರು ಹಾಕಿದ್ದ ಜಾಹೀರಾತು. ಲಿಫ್ಟ್ ಸೌಲಭ್ಯ ಇದೆ. ಗಾಲಿಕುರ್ಚಿ ಇದೆ...”

“ತಡಿ ತಡಿ. ಏನಂದೆ?”

“ಲಿಫ್ಟ್ ಇದೆ ಅಂತ ಬರ್ದಿದ್ರು ಅಜ್ಜಿ.”

“ಅಂಗಂತ ಅವ್ರೇ ಬರ್ದಿದ್ರಾ? ಅಚ್ಚಾಗಿತ್ತಾ?”

“ಹೂಂ. ನೋಡಿ, ಇಲ್ಲಿದೆ. ಪಕ್ಕದಲ್ಲಿ ಹಸಿರು ಗುರ್ತು. ಬಚ್ಚಲಿನ ಕಂಬಿದೂ ಬರ್ದಿದ್ರು.”

ಅವರೆಕಾಯಿ ಬಿಡಿಸುವ ಸದ್ದು ನಿಂತಿತು.

“ನಿಮ್ಮಪ್ಪ, ಸರ್ಯಾಗಿ ಓದ್ದೆ ಅಗ್ಗುದ್ದು ನೋಡಿ ನಿಮ್ಮವ್ವ ಇಡ್ದವ್ಳೆ ಅಂದ್ನಲ್ಲ.”

“ಅಪ್ಪ ಓದೇ ಇಲ್ಲ ಅಜ್ಜಿ. ಅಮ್ಮ ನಿಮ್ಗೋಸ್ಕರ ಹದಿನೈದು ದಿನ ಹುಡುಕಿದ್ದು.”

ಶಿವನಂಜಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. ಗಗನ ಓದಿದ್ದನ್ನೆಲ್ಲ ಕೇಳಿ, ಕೊನೆಯಲ್ಲಿ ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಾಯಂಕಾಲ ಕಾಫಿ ತಂದಿಟ್ಟಾಗ ಸೊಸೆಯ ಮುಖ ನೋಡಿ, “ಸಕ್ರೆ ಸರ್ಯಾಗಿ ಅದೆ” ಎಂದರು. ಆರು ವಾರದ ಮೇಲೆ ಬಂದ ಮಾತು ಅದು. ಕುಸುಮ ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದಳು.

ದೂರು ದಾಖಲಾಯಿತು. ಆಯೋಗದ ನೋಟೀಸು ಹೋದ ಮೇಲೆ ಹೋಟೆಲಿನವರಿಗೆ ಎಚ್ಚರವಾಗಿ, ತಿಂಗಳ ಮೇಲೆ ಅವರ ತಕರಾರು ಬಂತು. ಎಂಟು ಪುಟ. ಕುಸುಮ ಮಳಿಗೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಓದತೊಡಗಿದಳು. ಲಿಫ್ಟು ತಾತ್ಕಾಲಿಕವಾಗಿ ಕೆಟ್ಟಿತ್ತಂತೆ. ಮುದುಕಿ ಬರುವ ವಿಷಯ ತಿಳಿಸಿರಲಿಲ್ಲವಂತೆ. ಕೊನೆಯ ಪುಟದಲ್ಲಿ ಒಂದು ಫೋಟೋ ಅಂಟಿಸಿದ್ದರು. ಇಂಟರ್ನೆಟ್ಟಿನಲ್ಲಿ ಹೋಟೆಲಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟ ಅಭಿಪ್ರಾಯ. ‘ತುಂಬಾ ಒಳ್ಳೆಯ ವ್ಯವಸ್ಥೆ. ನಮ್ಮ ತಾಯಿಗೆ ಬಹಳ ಖುಷಿಯಾಯಿತು.’ ಕೆಳಗೆ ಹೆಸರು: ಶಿವಪ್ರಕಾಶ್, ಮೈಸೂರು. ತಾರೀಖು ಅವರು ರೂಮು ಬಿಟ್ಟ ದಿನದ್ದೇ.

ಅವತ್ತು ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಕುಸುಮ ಅನ್ನ ಬಡಿಸಿ, ತಟ್ಟೆಯ ಪಕ್ಕದಲ್ಲಿ ಆ ಹಾಳೆ ಇಟ್ಟಳು.

“ಇದೇನ್ರೀ?”

ಶಿವಪ್ರಕಾಶ ನೋಡಿದ. ಅವನ ಮುಖ ಕಪ್ಪಿಟ್ಟಿತು.

“ಎಷ್ಟು ಕೊಟ್ರು ನಿಮ್ಗೆ?”

“ಕುಸುಮಾ! ದುಡ್ಡಿಗಲ್ಲ ಕಣೇ.”

“ಮತ್ತ್ಯಾಕೆ? ನಾಲ್ಕು ತಿಂಗ್ಳಿಂದ ನಾನೇ ತಪ್ಪು ಮಾಡಿದೆ ಅಂತ ಅನ್ನಿಸ್ಕೊಂಡು ಓಡಾಡ್ತಿದ್ದೀನಿ. ನೀವು ಅವ್ರಿಗೆ ಸರ್ಟಿಫಿಕೇಟ್ ಬರ್ಕೊಟ್ಟು ಬಂದಿದ್ದೀರಿ!”

ಶಿವನಂಜಮ್ಮ ವಾಕರ್ ಊರಿಕೊಂಡು ನಡುಮನೆಯಿಂದ ಬಂದರು. “ಏನ್ಲಾ ಪ್ರಕಾಸ? ಏನದು?”

ಅವನು ತಟ್ಟೆ ದೂರ ಸರಿಸಿದ. ತಲೆ ಎತ್ತದೆ ಹೇಳಿದ.

“ಹೊರಡೋ ದಿನ ಅವ್ವನ್ನ ಇಳ್ಸಕ್ಕೆ ಜನ ಇರ್ಲಿಲ್ಲ. ಕೆಲಸದೋರೆಲ್ಲ ಮದ್ವೆ ಮನೆ ಪಾತ್ರೆ ಎತ್ತಕ್ಕೆ ಹೋಗಿದ್ರು. ಡ್ರೈವರೂ ನಾನೂ ಇಬ್ರೇ ಎತ್ತನ ಅಂದ್ರೆ ನನ್ನ ಬೆನ್ನು... ನಿಮಗೆ ಗೊತ್ತಲ್ಲ. ಮ್ಯಾನೇಜರ್ ಅಂದ, ಒಂದು ಒಳ್ಳೇ ರಿವ್ಯೂ ಹಾಕ್ಬುಡಿ ಸಾರ್, ನಾಲ್ಕು ಜನ ಆಳು ಕಳಿಸ್ತೀನಿ ಅಂತ. ಅವ್ನೇ ನನ್ನ ಫೋನ್ ತಗೊಂಡು ಬರ್ದ. ನಾನು ಒತ್ತಿದೆ.” ಆ ಹಾಳೆಯನ್ನು ಮಡಿಸುತ್ತ ಅಂದ: “ಹೆತ್ತ ತಾಯ್ನ ಕೆಳಗೆ ಇಳಿಸ್ಕೊಂಡು ಬರಕ್ಕಾಗ್ಲಿಲ್ಲ ಅಂತ ಯಾರತ್ರ ಹೇಳ್ಕೊಳ್ಳಲಿ? ಅದಕ್ಕೇ ನಿನ್ನ ಮೇಲೆ ಹಾಕ್ಬುಟ್ಟೆ.”

ಕುಸುಮಳ ಸಿಟ್ಟು ಇಳಿದಿರಲಿಲ್ಲ. ಆದರೆ ಎದುರಿಗೆ ಕೂತಿದ್ದವನು ಜಗಳಕ್ಕೆ ನಿಲ್ಲುವ ಗಂಡಸಿನ ಹಾಗೆ ಕಾಣಲಿಲ್ಲ.

ಶಿವನಂಜಮ್ಮ ಕುರ್ಚಿ ಎಳೆದು ಕೂತರು. “ನನ್ನ ಇಳ್ಸಕ್ಕೆ ಅಂತ ಸುಳ್ಳು ಬರುಸ್ಬುಟ್ರಾ ನಿನ್ನ ಕೈಲಿ?”

“ಹೂಂ ಅವ್ವ.”

“ನಂಗೆ ಖುಸಿಯಾಯ್ತು ಅಂತ?”

“ಹೂಂ.”

“ಎಂಥಾ ಜನ್ಗಳಪ್ಪ!” ಎಂದರು ಶಿವನಂಜಮ್ಮ. ಆಮೇಲೆ ಸೊಸೆಯ ಕಡೆ ತಿರುಗಿದರು. “ಕುಸ್ಮ, ಯಾವತ್ತು ಹೋಗ್ಬೇಕು ಅಲ್ಲಿಗೆ?”

“ಹದಿನೆಂಟನೇ ತಾರೀಖು ಅತ್ತೆ. ಮಧ್ಯಸ್ಥಿಕೆಗೆ ಹಾಕಿದ್ದಾರೆ. ಎರಡೂ ಕಡೆಯೋರ್ನ ಕೂರಿಸಿ ಮಾತಾಡ್ಸ್ತಾರೆ. ನೀವು ಬರ್ಬೇಕಾಗಿಲ್ಲ.”

“ನಾನೂ ಬತ್ತೀನಿ. ನಂಗೆ ಖುಸಿಯಾಯ್ತೋ ಇಲ್ವೋ ಅಂತ ನಾನಲ್ವಾ ಹೇಳ್ಬೇಕಾದೋಳು?” ಮಗನ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದರು. “ಉಣ್ಣು. ನೀನೂ ಬಂದು ಇದ್ದುದ್ನ ಇದ್ದಂಗೆ ಹೇಳು. ಅಷ್ಟು ಮಾಡು.”

ಶಿವಪ್ರಕಾಶ ಮಾರನೇ ದಿನವೇ ಮಹದೇವಯ್ಯನವರ ಮನೆಗೆ ತಾನೇ ಹೋದ. ನಡೆದದ್ದನ್ನೆಲ್ಲ ಹೇಳಿ, ಪ್ರಮಾಣಪತ್ರ ಬರೆಸಿ, ಸಹಿ ಹಾಕಿ ಬಂದ. ಬರುವಾಗ ದೇವರಾಜ ಮಾರ್ಕೆಟ್ಟಿನಿಂದ ಒಂದು ಮೊಳ ಮಲ್ಲಿಗೆ ತಂದಿದ್ದ. ಕುಸುಮ ಅದನ್ನು ತೆಗೆದುಕೊಂಡಳು, ಆದರೆ ಮುಡಿಯಲಿಲ್ಲ, ಫ್ರಿಜ್ಜಿನಲ್ಲಿಟ್ಟಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ತೆಗೆದು ಮುಡಿದುಕೊಂಡಳು.

ಹದಿನೆಂಟರಂದು ಎಲ್ಲರೂ ಒಂದೇ ಆಟೋದಲ್ಲಿ ಹೋದರು. ಮಧ್ಯಸ್ಥಿಕೆ ನಡೆಸುವವರು ವಯಸ್ಸಾದ ಒಬ್ಬ ಹೆಣ್ಣುಮಗಳು, ಕನ್ನಡಕ ಮೂಗಿನ ತುದಿಯಲ್ಲಿ. ಹೋಟೆಲಿನ ಕಡೆಯಿಂದ ವಕೀಲರೂ ಮ್ಯಾನೇಜರ್ ರವಿಚಂದ್ರನೂ ಬಂದಿದ್ದರು. ಮೂವತ್ತು ದಾಟದ ಹುಡುಗ, ಬಸ್ಸಿನಲ್ಲಿ ನಿದ್ದೆಗೆಟ್ಟ ಕಣ್ಣು. ಶಿವಪ್ರಕಾಶನ ಮುಖ ನೋಡಲಾರದೆ ಫೈಲು ತಿರುವುತ್ತಿದ್ದ.

ವಕೀಲರು ಐದು ನಕ್ಷತ್ರದ ಹಾಳೆಯನ್ನು ಮುಂದಿಟ್ಟರು. ಶಿವಪ್ರಕಾಶ ಎದ್ದು ನಿಂತು ನಡೆದದ್ದನ್ನು ಹೇಳಿದ. ತನ್ನ ಬೆನ್ನುನೋವನ್ನೂ ಮುಚ್ಚಿಡಲಿಲ್ಲ. ಕುಸುಮ ಗಂಡನನ್ನೇ ನೋಡುತ್ತಿದ್ದಳು. ಕಾರ್ಖಾನೆಯ ಯೂನಿಯನ್ ಸಭೆಯಲ್ಲೂ ಹಿಂದಿನ ಸಾಲಿನಲ್ಲಿ ಕೂರುವ ಮನುಷ್ಯ ಇವನು.

ಮಧ್ಯಸ್ಥಿಕೆಯವರು ಶಿವನಂಜಮ್ಮನ ಕಡೆ ತಿರುಗಿದರು. “ನೀವೇನಾದ್ರೂ ಹೇಳ್ಬೇಕಾ ಅಮ್ಮ?”

“ನಾನು ಏಳಕ್ಕಾಗದಿಲ್ಲ, ಕೂತ್ಕಂಡೇ ಹೇಳ್ತೀನಿ ತಾಯಿ” ಎಂದು ಶಿವನಂಜಮ್ಮ ರವಿಚಂದ್ರನನ್ನು ನೋಡಿದರು. “ಏನಪ್ಪ, ನಿಮ್ಮವ್ವ ಅವ್ಳಾ?”

“ಇದ್ದಾರಮ್ಮ.”

“ನಾಲ್ಕು ಜನ ಗಂಡುಸ್ರು ಕುರ್ಚಿಲಿ ಎತ್ಕೊಂಡು ಹೋಗವಾಗ, ಕಾಲ ಮೇಲಿನ ಸೀರೆ ಎಳ್ಕಳ್ಳಕ್ಕೂ ಆಗ್ದೆ ಕೂತಿದ್ನಲ್ಲ, ಅದೇ ಜಾಗದಲ್ಲಿ ನಿಮ್ಮವ್ವನ್ನ ಕೂರ್ಸಿ ನೋಡಪ್ಪ. ಲಿಫ್ಟು ಇಲ್ಲ ಅಂದಿದ್ರೆ ನಾನು ಬತ್ತಾನೇ ಇರ್ಲಿಲ್ಲ. ಇಲ್ಲೇ ಹೊಳೆ ದಂಡೇಲಿ ಕೂತಿರ್ತಿದ್ದೆ. ಇದ್ದುದ್ನ ಇದೆ, ಇಲ್ದುದ್ನ ಇಲ್ಲ ಅಂತ ಹೇಳಕ್ಕೆ ಏನಾಗಿತ್ತು ನಿಮ್ಗೆ?”

ವಕೀಲರು ಏನೋ ಹೇಳಲು ಬಾಯಿ ತೆರೆದರು. ರವಿಚಂದ್ರನೇ ಅವರ ತೋಳು ಮುಟ್ಟಿ ತಡೆದ.

“ಲಿಫ್ಟು ಇರ್ಲೇ ಇಲ್ಲ ಮೇಡಂ” ಎಂದ ಮಧ್ಯಸ್ಥಿಕೆಯವರಿಗೆ. “ಕೆಟ್ಟಿದ್ದಲ್ಲ. ಮಾಲೀಕರು ಹಾಕ್ಸ್ತೀನಿ ಅಂದಿದ್ರು, ಆಗ್ಲಿಲ್ಲ. ಹಾಕ್ಸೋಕೆ ಮುಂಚೆನೇ ಜಾಹೀರಾತಿಗೆ ಸೇರಿಸ್ಬುಟ್ರು. ದಿನಾ ಬಂದವ್ರ ಹತ್ರ ಬೈಸ್ಕೊಳ್ಳೋನು ನಾನು. ಆ ರಿವ್ಯೂ ಕೇಳಿದ್ದು ನನ್ನ ತಪ್ಪೇ.”

ಅವನು ಹೊರಗೆ ಹೋಗಿ ಮಾಲೀಕರ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ ಬಂದ. ಎರಡು ದಿನದ ಬಾಡಿಗೆ ಪೂರ್ತಿ ವಾಪಸು, ಅದರ ಮೇಲೆ ಪರಿಹಾರ ಇಪ್ಪತ್ತೈದು ಸಾವಿರ, ಖರ್ಚಿಗೆ ಮೂರು ಸಾವಿರ. ಕುಸುಮ ಗಂಡನ ಮುಖ ನೋಡಿದಳು. ಅವನು, “ನೀನು ಹೇಳು” ಎಂದು ಸನ್ನೆ ಮಾಡಿದ.

ಅವಳು ಬಾಯಿ ತೆರೆಯುವ ಮುಂಚೆ ಶಿವನಂಜಮ್ಮ ಅಂದರು: “ದುಡ್ಡು ಆಮೇಕೆ. ಮೊದ್ಲು ಆ ಲಿಫ್ಟು ಅಂತ ಬರ್ದಿರದ ಅಳ್ಸಿ. ಇನ್ಯಾರೋ ಅವ್ವನ್ನ ಕರ್ಕಂಡು ಹೊಂಟಿರ್ತಾರೆ.”

ಮಧ್ಯಸ್ಥಿಕೆಯವರು ಕನ್ನಡಕ ತೆಗೆದು, “ಅದನ್ನೂ ಒಪ್ಪಂದದಲ್ಲಿ ಬರೆಸೋಣ” ಎಂದರು. ರವಿಚಂದ್ರ ಅಲ್ಲಿಂದಲೇ ಯಾರಿಗೋ ಫೋನು ಮಾಡಿದ. ಇಪ್ಪತ್ತು ನಿಮಿಷದ ಮೇಲೆ ಗಗನ ತನ್ನ ಫೋನಿನಲ್ಲಿ ಆ ಪುಟ ತೆರೆದು ಅಜ್ಜಿಯ ಮುಂದೆ ಹಿಡಿದಳು. ಲಿಫ್ಟು ಇರಲಿಲ್ಲ. ಗಾಲಿಕುರ್ಚಿ, ಇಳಿಜಾರು ದಾರಿ, ಕಂಬಿ ಯಾವುದೂ ಇರಲಿಲ್ಲ. ಶಿವಪ್ರಕಾಶ ತನ್ನ ಫೋನು ತೆಗೆದು ಐದು ನಕ್ಷತ್ರ ಅಳಿಸಿದ. ಯಾರ ಸಹಾಯವೂ ಇಲ್ಲದೆ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಹಾಕಿದ. ರವಿಚಂದ್ರ ನೋಡುತ್ತ ನಿಂತಿದ್ದ, ಬೇಡ ಎನ್ನಲಿಲ್ಲ.

ಆಚೆ ಬಂದ ಮೇಲೆ ಎಲ್ಲರಿಗೂ ಹಸಿವು ಕೆರಳಿತ್ತು. ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರು. ಶಿವನಂಜಮ್ಮ ಎರಡನೇ ದೋಸೆ ಹೇಳಿದಾಗ ಗಗನ ನಕ್ಕಳು. “ಏನೇ, ನಾನು ತಿನ್ಬಾರ್ದಾ?” ಎಂದು ಅಜ್ಜಿಯೂ ನಕ್ಕರು. ಮಹದೇವಯ್ಯನವರಿಗೆ ಕಾಲು ಕೆ.ಜಿ. ಮೈಸೂರು ಪಾಕು ಕಟ್ಟಿಸಿಕೊಂಡಳು ಕುಸುಮ.

ಆಯೋಗದ ಆದೇಶ ಬಂತು, ಹಣವೂ ಬಂತು. ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುವಾಗ ಶಿವಪ್ರಕಾಶನೇ ಮಾತೆತ್ತಿದ.

“ಮಳೆಗಾಲ ಮುಗೀಲಿ. ಅವ್ವನ್ನ ಇನ್ನೊಂದ್ಸಲ ಕರ್ಕೊಂಡು ಹೋಗನ. ಕುಸುಮಾ, ನೀನೇ ಹುಡುಕು.”

“ನಾನಾ? ಮತ್ತೆ ಏನಾದ್ರೂ ಆದ್ರೆ?”

“ನೀನೇ ಹುಡುಕ್ಬೇಕು. ಈ ಸಲ ನಾನೂ ಪಕ್ಕದಲ್ಲಿ ಕೂತು ಓದ್ತೀನಿ.”

ಮೂರು ವಾರ ಇಬ್ಬರೂ ಓದಿದರು. ಕೊನೆಗೆ ಉಡುಪಿಯ ಕಡೆ, ಕಡಲಿಗೆ ಹತ್ತಿರದ ಒಂದು ಸಣ್ಣ ಮನೆ ಕುಸುಮಳಿಗೆ ಹಿಡಿಸಿತು. ಗಂಡ ಹೆಂಡತಿ ಇಬ್ಬರೇ ನಡೆಸುವ ಜಾಗ, ಮಹಡಿಯೇ ಇಲ್ಲ. ಇನ್ನೊಂದು ಭಾನುವಾರ ಇಡ್ಲಿ ತಿನ್ನುವ ಹೊತ್ತಿಗೆ ಅವಳು ಫೋನು ಹಚ್ಚಿದಾಗ ಶಿವನಂಜಮ್ಮ ಕೈ ಚಾಚಿದರು.

“ಇತ್ತ ಕೊಡವ್ವ. ನಾನೇ ಕೇಳ್ತೀನಿ.”

ಫೋನಿನ ಧ್ವನಿ ದೊಡ್ಡದು ಮಾಡಿ ಕುಸುಮ ಅವರ ಕೈಗಿಟ್ಟಳು. ಆ ಕಡೆ ಒಬ್ಬ ಗಂಡಸಿನ ದನಿ.

“ನಿಮ್ಮ ಮನೆ ಬಾಗ್ಲಿಂದ ಕಡ್ಲು ಕಾಣೋಗಂಟ ಎಷ್ಟು ಮೆಟ್ಲವೆ ಸ್ವಾಮಿ?”

“ಮೆಟ್ಲಾ? ಎರಡೋ ಮೂರೋ ಇರ್ಬೇಕು ಅಮ್ಮ.”

“ಇರ್ಬೇಕು ಅಂದ್ರೆ ಆಗಲ್ಲ. ಸರ್ಯಾಗಿ ಹೇಳಿ. ನಂಗೆ ಸೊಂಟ ಆಪ್ರೇಸನ್ ಆಗಿ ಅದೆ.”

“ಹಾಗಾದ್ರೆ ಒಂದು ನಿಮಿಷ ಹಿಡ್ಕೊಳ್ಳಿ ಅಮ್ಮ. ಹೋಗಿ ನೋಡ್ಕೊಂಡು ಬರ್ತೇನೆ.”

ಫೋನು ಕೆಳಗಿಟ್ಟ ಸದ್ದಾಯಿತು. ಚಪ್ಪಲಿಯ ಸದ್ದು ದೂರವಾಯಿತು. ಇಡೀ ಮನೆ ಆ ಫೋನಿನ ಸುತ್ತ ಕೂತಿತ್ತು. ಗಗನಳ ಕೈಯ ಇಡ್ಲಿ ಕೈಯಲ್ಲೇ ಇತ್ತು. ಆ ಕಡೆಯಿಂದ ಅಲೆಗಳ ಸದ್ದು ಬರುತ್ತಿತ್ತು. ಚಪ್ಪಲಿಯ ಸದ್ದು ಮತ್ತೆ ಹತ್ತಿರವಾಯಿತು.

“ನಾಲ್ಕು ಇದೆ ಅಮ್ಮ. ನಾನು ತಪ್ಪು ಹೇಳಿದ್ದೆ. ಕೊನೇದು ಸ್ವಲ್ಪ ಎತ್ತರ, ನಿಮಗೆ ಕಷ್ಟ ಆಗ್ಬಹುದು. ಬರೋದಾದ್ರೆ ಮೊದಲೇ ಹೇಳಿ, ಹಲಗೆ ಹಾಕಿಸ್ತೇನೆ.”

ಶಿವನಂಜಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇಲ್ಲಿಗೇ ಹೋಗನ ಕುಸ್ಮ. ದುಡ್ಡು ಕಟ್ಬುಡು.”